ಮಾಫಿ ಬೇಕೇನ್ರಿ?

ನನಗೆ ಯಾವ ಬಡ್ತಿ ಯಾವಾಗ ಸಿಕ್ಕಿತು, ಯಾವ ಊರಿಂದ ಯಾವ ಊರಿಗೆ ವರ್ಗವಾಯಿತು ಎಂದು ಕೇಳಬೇಡಿ. ಬರೆಯಲು ನನಗೆ ಉಮೇದಿಲ್ಲ, ಓದಲು ನಿಮಗೂ ಇರಲಾರದು. ಕಂದಾಯ ಇಲಾಖೆಗೆ ಹೊಸದಾಗಿ ಸೇರಿದ ತರುಣರು ಆಗಾಗ ಸೇಡಂನ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, "ನಿಜಾಮರ ಕಾಲದಾಗ ಕಚೇರಿಯಾಗ ನೀವು ಏನು ಕೆಲಸ ಮಾಡ್ತಿದ್ರಿ ಮುತ್ಯಾ?" ಎಂದು ಕೇಳುತ್ತಾರೆ. "ಮಾತಾಡ್ತಿದ್ದೆ" ಎನ್ನುತ್ತೇನೆ. ಅವರು ನಗುತ್ತಾರೆ. ನಾನು ಹೇಳಿದ್ದು ಮಾತ್ರ ಖರೆ. ಸರ್ಕಾರ ನನಗೆ ಪಗಾರ ಕೊಟ್ಟದ್ದು ಮಾತಾಡುವುದಕ್ಕೇ. ಆಗ ಕಚೇರಿ ನಡೆಯುತ್ತಿದ್ದದ್ದು ಉರ್ದುವಿನಲ್ಲಿ, ಊರು ನಡೆಯುತ್ತಿದ್ದದ್ದು ಕನ್ನಡದಲ್ಲಿ. ರೈತ ಹೇಳಿದ್ದನ್ನು ಅಧಿಕಾರಿಗೆ ಉರ್ದುವಿನಲ್ಲಿ, ಅಧಿಕಾರಿ ಹೇಳಿದ್ದನ್ನು ರೈತನಿಗೆ ಕನ್ನಡದಲ್ಲಿ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಹುದ್ದೆಯ ಹೆಸರು ಅಹಲ್ಕಾರ, ಅಂದರೆ ಗುಮಾಸ್ತ. ಜನ ಕರೆಯುತ್ತಿದ್ದದ್ದು ದುಭಾಷಿ ರಾಚಪ್ಪ ಎಂದು.

ಈ ಬರಹ ಆ ತರುಣರಿಗಾಗಿ. ಒಂದೇ ಒಂದು ಮಾತನ್ನು ತಪ್ಪಾಗಿ ತಿಳಿದದ್ದರಿಂದ ಕರಿಗುಡ್ಡ ಎಂಬ ಊರು ಇನ್ನೂ ಎಷ್ಟು ಕಾಲ ಪುಕ್ಕಟೆ ದುಡಿಯಬೇಕಾಗುತ್ತಿತ್ತೋ ಹೇಳಲಾರೆ. ಹಾಗಾಗದಂತೆ ಅಡ್ಡ ನಿಂತವರು ನಮ್ಮ ತಹಶೀಲ್ದಾರ ವಹೀದ್ ಸಾಹೇಬರು. ಅವರಂಥ ಅಧಿಕಾರಿಯನ್ನು ನಾನು ಮುಂದೆ ಕಾಣಲಿಲ್ಲ. ಆ ಕಥೆಗೆ ಬರುವ ಮುಂಚೆ ನನ್ನ ಕೆಲಸ ಎಂಥದ್ದಿತ್ತು ಎಂದು ಸ್ವಲ್ಪ ಹೇಳಬೇಕು.

ನಾನು ಮೊದಲು ಸೇರಿದ್ದು ಸೇಡಂ ತಹಶೀಲಿಗೆ. ಅಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದ ಪೇಶಕಾರರು ಮಾತನ್ನು ಸೋಸುವುದರಲ್ಲಿ ಗಟ್ಟಿಗರು. ರೈತನೊಬ್ಬ ಕಟ್ಟೆಯ ಮುಂದೆ ನಿಂತು, ಅಣ್ಣ ಬದು ಒತ್ತಿದ್ದು, ಅತ್ತಿಗೆ ಬೈದದ್ದು, ಬೈದ ದಿನ ತಾನು ಊಟ ಬಿಟ್ಟದ್ದು, ನೆರೆಯವ ಸಾಕ್ಷಿ ಹೇಳುತ್ತೇನೆಂದು ತಪ್ಪಿಸಿಕೊಂಡದ್ದು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ನಾನು ಬೆವರು ಸುರಿಸಿ ಅಷ್ಟನ್ನೂ ಉರ್ದುವಿಗೆ ತರುತ್ತಿದ್ದೆ. ಪೇಶಕಾರರು ಬಾಯಲ್ಲಿದ್ದ ಎಲೆ ಅಡಿಕೆ ಮುಗಿಸಿ ಒಂದು ಸಾಲು ಬರೆಯುತ್ತಿದ್ದರು: "ರೈತ ನಾರಾಜ್ ಇದ್ದಾನೆ." ಇಷ್ಟೇ ಏನ್ರಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಮತ್ತೇನು ಬರೀಲೋ ರಾಚಪ್ಪ? ಖುಷಿ ಇದ್ದಾನಂತ ಬರೀಲೇನು?" ಎಂದರು. ಮನುಷ್ಯ ಕೆಟ್ಟವರಲ್ಲ. ಆಗಿನ ಕೆಲಸದ ರೀತಿಯೇ ಹಾಗಿತ್ತು.

ಆಮೇಲೆ ಚಿಂಚೋಳಿಗೆ ಹೋದೆ. ಅಲ್ಲಿ ಎರಡು ಭಾಷೆಯ ಜೊತೆಗೆ ಮೂರನೆಯದೂ ಸೇರಿಕೊಂಡಿತು. ಕುಂಚಾವರಂ ಕಡೆಯ ಅಡವಿ ಊರುಗಳಲ್ಲಿ ತೆಲುಗು ಬೆರೆತ ಮಾತು. ಉತ್ತರ ಹಿಂದುಸ್ತಾನದಿಂದ ಹೊಸದಾಗಿ ಬಂದ ಗುಮಾಸ್ತರೊಬ್ಬರು ನನ್ನ ಜೊತೆ ಅಲ್ಲಿಗೆ ಬಂದಿದ್ದರು. ದನ ಕಾಯುವವನೊಬ್ಬನಲ್ಲಿ ಹಾಲು ಕೇಳಿದರು. ಅವನು "ಲೇದು" ಎಂದ, ಇಲ್ಲ ಎಂದು. ಇವರ ಕಿವಿಗೆ ಅದು ಉರ್ದುವಿನ 'ಲೇ' ಎಂದು ಬಿತ್ತು, ಅಂದರೆ 'ತಗೋ' ಎಂದು. ಖುಷಿಯಿಂದ ಪಾತ್ರೆ ಚಾಚಿದರು. ಅವನು ಮತ್ತೆ "ಲೇದು ಲೇದು" ಎಂದ. ಇವರು ಪಾತ್ರೆಯನ್ನು ಇನ್ನೂ ಹತ್ತಿರ ಹಿಡಿದರು. ನಾನು ನಗು ತಡೆದುಕೊಂಡು ಬಿಡಿಸಿ ಹೇಳುವಷ್ಟರಲ್ಲಿ ದನ ಕಾಯುವವನು, ಯಾರೋ ತಲೆ ಕೆಟ್ಟವರು ಬಂದಿದ್ದಾರೆ ಎಂದು ಎಮ್ಮೆ ಹೊಡೆದುಕೊಂಡು ಹೋಗಿಬಿಟ್ಟಿದ್ದ.

ವಹೀದ್ ಸಾಹೇಬರು ಚಿಂಚೋಳಿಗೆ ತಹಶೀಲ್ದಾರರಾಗಿ ಬಂದದ್ದು ಆ ದಿನಗಳಲ್ಲೇ. ತೆಳ್ಳಗಿನ ಎತ್ತರದ ಆಳು, ಮಾತು ಮೆಲ್ಲಗೆ. ಬಂದ ವಾರದಲ್ಲೇ ನನ್ನನ್ನು ಕರೆದು ಉರ್ದುವಿನಲ್ಲಿ ಹೇಳಿದರು: "ರಾಚಪ್ಪ, ನೀವು ರಜೆ ಹಾಕಿದ ದಿನ ನಾನು ಕಿವುಡ. ಕಿವುಡನ ಕೈಗೆ ತಹಶೀಲು ಕೊಡಬಾರದು. ನನಗೆ ಕನ್ನಡ ಕಲಿಸಿ."

ಅಧಿಕಾರಿ ತಾನಾಗಿ ಕನ್ನಡ ಕಲಿಸಿ ಎಂದು ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಿಗ್ಗಿನಿಂದ ಹೂಂ ಎಂದೆ. ದಿನಾ ಬೆಳಿಗ್ಗೆ ಕಚೇರಿಗೆ ಮುಂಚೆ ಅವರ ಬಂಗಲೆಯ ವರಾಂಡದಲ್ಲಿ ಪಾಠ. ಆದರೆ ಪಾಠದ ಮೊದಲ ದಿನವೇ ಒಂದು ತೊಡಕು ಎದುರಾಯಿತು. ನನ್ನ ಮೇಲಧಿಕಾರಿಯ ಮುಖ ನೋಡಿಕೊಂಡು 'ಬಾ', 'ಹೋಗು', 'ಕೂಡು' ಎಂದು ಹೇಳಿಕೊಡುವುದು ಹೇಗೆ? ಪಾಠವೇ ಆದರೂ ಅವರಿಗೇ ಅಂದಹಾಗೆ ಆಗುತ್ತದಲ್ಲ. ನನ್ನ ಬಾಯಿಯೇ ಬರಲಿಲ್ಲ. 'ಬರ್ರಿ', 'ಹೋಗ್ರಿ', 'ಕುಂದ್ರಿ' ಎಂದೇ ಹೇಳಿಕೊಟ್ಟೆ. ಸಾಹೇಬರು ಅಷ್ಟನ್ನೇ ಕನ್ನಡವೆಂದು ನಂಬಿ ಕಲಿತರು.

ಕಲಿತದ್ದನ್ನು ಅವರು ಸುಮ್ಮನೆ ಇಟ್ಟುಕೊಳ್ಳುವವರಲ್ಲ. ಜವಾನನಿಗೆ "ಬರ್ರಿ" ಎಂದರು. ಕಸ ಗುಡಿಸುವ ಹೆಂಗಸಿಗೆ "ಕುಂದ್ರಿ" ಎಂದರು. ಹಗ್ಗ ಹಾಕಿ ತಂದ ಕಳ್ಳನಿಗೂ "ಹೇಳ್ರಿ, ಯಾಕ ಕದ್ದೀರಿ?" ಎಂದು ಕೇಳಿದರು. ಒಮ್ಮೆ ರಸ್ತೆಗೆ ಅಡ್ಡ ಮಲಗಿದ್ದ ಎಮ್ಮೆಯ ಮುಂದೆ ಕುದುರೆ ನಿಲ್ಲಿಸಿ, "ಏಳ್ರಿ, ಸ್ವಲ್ಪ ಸರೀರಿ" ಎಂದದ್ದನ್ನು ಚಿಂಚೋಳಿಯ ಪೇಟೆಯವರೆಲ್ಲ ಕೇಳಿಸಿಕೊಂಡರು. ಆ ಎಮ್ಮೆ ಎದ್ದು ಸರಿಯಿತು ಎಂದು ಈಗಲೂ ಹೇಳುವವರಿದ್ದಾರೆ. ನಾನು ಅಲ್ಲಿರಲಿಲ್ಲ, ಆಣೆ ಮಾಡಲಾರೆ. ಹೆಣ್ಣು ಗಂಡು ಎಂಬ ಭೇದ ಮಾತ್ರ ಅವರ ಕನ್ನಡಕ್ಕೆ ಕೊನೆಯವರೆಗೂ ಹತ್ತಲಿಲ್ಲ. ಪಟೇಲ ಬಂದಳು, ಅಮ್ಮ ಹೋದನು, ಎಲ್ಲ ಒಂದೇ.

ಆದರೆ ಈ 'ರಿ' ಎಲ್ಲರಿಗೂ ನಗೆಯ ವಿಷಯವಾಗಿರಲಿಲ್ಲ. ಒಂದು ದಿನ ಊರೊಂದರ ಮಾಲಿಪಾಟೀಲರು, ಅಂದರೆ ಕಂದಾಯ ವಸೂಲಿಯ ಪಟೇಲರು, ನನ್ನನ್ನು ಕಚೇರಿಯ ಹಿಂದಕ್ಕೆ ಕರೆದರು.

"ರಾಚಪ್ಪನವರ, ಸಾಹೇಬ್ರಿಗೆ ಕನ್ನಡ ಕಲಿಸಿದವ್ರು ನೀವಂತ, ಖರೇ ಏನ್ರಿ?"

"ಖರೇ ಅದ್ರಿ."

"ಏನು ಕಲಿಸೀರಿ? ತಳವಾರಗ 'ಬರ್ರಿ' ಅಂತಾರ. ಕಸಾ ಹೊಡ್ಯಾಕಿಗೆ 'ಕುಂದ್ರಿ' ಅಂತಾರ. ನಾಳಿ ಅವ್ರು ಖರೇನ ಕುಂತ್ರಂದ್ರ ನಾವೆಲ್ಲಿ ಕುಂದ್ರಬೇಕ್ರಿ?"

ಪಾಟೀಲರ ಮಾತನ್ನು ಸಾಹೇಬರಿಗೆ ತಲುಪಿಸಿದೆ. ಕನ್ನಡದಲ್ಲಿ ಇನ್ನೊಂದು ರೀತಿಯೂ ಇದೆ, ನಾನು ಹೇಳಿಕೊಟ್ಟಿಲ್ಲ ಎಂದೂ ತಿಳಿಸಿದೆ. ಸಾಹೇಬರು ಹುಬ್ಬೇರಿಸಿದರು.

"ಹಾಗಾದರೆ ನನಗೆ ಬರುವುದು ಅರ್ಧ ಕನ್ನಡವೇ? ಉಳಿದರ್ಧದಲ್ಲಿ ಏನಿದೆ?"

"ಬಾ, ಹೋಗು, ಕೂಡು, ಲೇ, ಇಂಥವು ಹುಜೂರ್."

ಅವರು ತಮ್ಮ ಟೋಪಿಯ ಅಂಚು ಸವರಿದರು. "ಅದು ನಿಮ್ಮ ಹತ್ತಿರವೇ ಇರಲಿ ರಾಚಪ್ಪ. ನನಗೆ ಈ ಅರ್ಧ ಸಾಕು" ಎಂದರು. ಆ ಹೊತ್ತಿಗೆ ಅವರ ಮೇಲೆ ನನಗೆ ಹುಟ್ಟಿದ ಅಭಿಮಾನ ಇಂದಿಗೂ ಹಾಗೇ ಇದೆ.

ಇನ್ನು ಸುಧಾರಣೆಯ ವಿಷಯ. ಹೈದರಾಬಾದಿನಲ್ಲಿ ಆಗ ಆಡಳಿತ ಬದಲಾಗಬೇಕು, ಜನ ಆರಿಸಿದವರ ಸಭೆ ಬರಬೇಕು, ತೆರಿಗೆ ಯಾರ ಮೇಲೆ ಎಷ್ಟು ಎಂಬುದನ್ನು ಜನರನ್ನು ಕೇಳಿ ಗೊತ್ತುಮಾಡಬೇಕು ಎಂಬ ಚರ್ಚೆ ಜೋರಾಗಿತ್ತು. ಆ ಚರ್ಚೆಯಲ್ಲಿ ಬಿಟ್ಟಿಯ ಮಾತೂ ಬಂತು. ಈಗಿನವರಿಗೆ ಬಿಟ್ಟಿ ಎಂದರೆ ಪುಕ್ಕಟೆ ಸಿಗುವ ವಸ್ತು. ಆಗ ಅದು ತೆರಿಗೆಯೇ, ಹಣದ ಬದಲು ಮೈಯಿಂದ ವಸೂಲಾಗುವ ತೆರಿಗೆ. ಅಧಿಕಾರಿ ಊರಿಗೆ ಬಂದರೆ ರೈತ ಗಾಡಿ ಎತ್ತು ಕೊಡಬೇಕು. ಅವರ ಡೇರೆ ಹೊರಬೇಕು, ಕಟ್ಟಿಗೆ ಒಡೆಯಬೇಕು, ಹಾಲು ಕೋಳಿ ತರಬೇಕು. ಕೂಲಿ ಕೇಳುವಂತಿಲ್ಲ. ಕಾಗದದ ಮೇಲೆ ಮನಾಯಿ, ಅಂದರೆ ನಿಷೇಧ, ಇತ್ತು, ಊರುಗಳಲ್ಲಿ ನಡೆದೇ ಇತ್ತು. ಇದನ್ನು ಪೂರ್ತಿ ನಿಲ್ಲಿಸಬೇಕೋ ಬೇಡವೋ ಎಂದು ಜನರನ್ನೇ ಕೇಳಲು ಒಂದು ಸಮಿತಿ ನಮ್ಮ ಕಡೆ ಹೊರಟಿತು. ಸಮಿತಿಯ ಮುಖ್ಯಸ್ಥರನ್ನು ನಾವು ಸದರ್ ಸಾಹೇಬರು ಎನ್ನುತ್ತಿದ್ದೆವು. ವಯಸ್ಸಾದವರು, ಓದಿಕೊಂಡವರು, ಸ್ವಲ್ಪ ಬಿಗುಮಾನದವರು. ಅವರ ಜೊತೆ ಊರೂರು ತಿರುಗಲು ನನ್ನನ್ನು ದುಭಾಷಿಯೆಂದು ನೇಮಿಸಿದರು.

ಮೊದಲ ಎಡವಟ್ಟು ಸೇಡಂ ಹತ್ತಿರದ ಹಳ್ಳಿಯಲ್ಲಿ ಆಯಿತು. ಸುಧಾರಣೆಗೆ ಉರ್ದುವಿನಲ್ಲಿ ಇಸ್ಲಾಹ್ ಎನ್ನುತ್ತಾರೆ. ತಳವಾರ ಡಂಗುರ ಸಾರುವಾಗ, "ನಾಳಿ ಇಸ್ಲಾಹದವ್ರು ಬರ್ತಾರ, ಎಲ್ಲಾರೂ ಚಾವಡಿಗಿ ಬರ್ರೀ" ಎಂದು ಕೂಗಿದ. ಜನ ಅದನ್ನು ಇಸ್ಲಾಂ ಎಂದು ಕೇಳಿಸಿಕೊಂಡರು. ನಾವು ಹೋದಾಗ ಊರಿನಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಒಬ್ಬ ಮುದುಕರು ಮಾತ್ರ ಗುಡಿಯ ಕಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದರು. "ನನಗ ವಯಸ್ಸಾಗ್ಯದ್ರಿ. ಈಗ ಬದಲಾಗಿ ನಾ ಏನ್ ಮಾಡ್ಲಿ? ನನ್ನ ಹಿಂಗೇ ಬಿಟ್ಟುಬಿಡ್ರಿ" ಎಂದರು. ಸಮಿತಿಯ ಪ್ರವಾಸದ ವ್ಯವಸ್ಥೆ ನೋಡಲೆಂದು ನಮ್ಮ ಜೊತೆ ಬಂದಿದ್ದ ವಹೀದ್ ಸಾಹೇಬರಿಗೆ ನಾನು ವಿಷಯ ಬಿಡಿಸಿ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಮುದುಕರ ಪಕ್ಕದಲ್ಲೇ ಕೂತು, "ನೀವು ಹಿಂಗೇ ಛಲೋ ಇದ್ದೀರಿ. ಹಿಂಗೇ ಇರ್ರಿ. ಬದಲಾಗೋದು ನಾವ್ರಿ" ಎಂದರು. ಮುದುಕರು ಎದ್ದು ಒಂದೊಂದೇ ಬಾಗಿಲು ಬಡಿದರು.

ಇನ್ನು ಇಸ್ಲಾಹ್ ಬೇಡ, ಕನ್ನಡದ ಮಾತನ್ನೇ ಸಾರಿಸೋಣ ಎಂದು ನಾನು ಜಾಣತನದಿಂದ 'ಸುಧಾರಣೆ' ಎಂದು ಬದಲಿಸಿದೆ. ಚಿತ್ತಾಪುರದ ಕಡೆಗೆ ಹೋದಾಗ ಆ ಜಾಣತನವೂ ನೀರು ಪಾಲಾಯಿತು. ನಮ್ಮ ಕಡೆ ಸುಧಾರಿಸಿಕೊಳ್ಳುವುದು ಎಂದರೆ ಜಡ್ಡು ಬಂದವರು ಚೇತರಿಸಿಕೊಳ್ಳುವುದು. "ಸರ್ಕಾರ ಸುಧಾರಣೆ ಆಗಬೇಕಂತ ಅದ" ಎಂದು ನಾನು ಹೇಳಿದ್ದೇ ತಡ, ಒಬ್ಬ ರೈತ ಬಹಳ ಕಳಕಳಿಯಿಂದ, "ಯಾಕ್ರಿ, ಸರ್ಕಾರಕ್ಕ ಏನಾಗ್ಯದ? ಜ್ವರ ಭಾಳ ದಿವ್ಸದ್ದೇನ್ರಿ?" ಎಂದ. ಇದನ್ನು ತರ್ಜುಮೆ ಮಾಡಲೋ ಬೇಡವೋ ಎಂದು ನಾನು ತಡವರಿಸಿದೆ. ವಹೀದ್ ಸಾಹೇಬರಿಗೆ ತಿಳಿದುಹೋಗಿತ್ತು. "ಹೌದ್ರಿ, ಭಾಳ ದಿವ್ಸದ್ದು" ಎಂದುಬಿಟ್ಟರು. ಸದರ್ ಸಾಹೇಬರಿಗೆ ಮಾತ್ರ ಜನ ಯಾಕೆ ನಗುತ್ತಿದ್ದಾರೆಂದು ತಿಳಿಯಲಿಲ್ಲ.

ಶಹಾಬಾದಿನ ಸಭೆ ನಾನು ಕಂಡ ಸಭೆಗಳಲ್ಲೇ ಸೊಗಸಾದದ್ದು. ಸ್ಟೇಶನ್ನಿನ ಹತ್ತಿರ ಧರ್ಮಶಾಲೆಯಲ್ಲಿ ಕಲ್ಲಿನ ವ್ಯಾಪಾರಿಗಳು, ಗಣಿಯಲ್ಲಿ ಕಲ್ಲು ಒಡೆಯುವವರು, ವಾಡಿಯಿಂದ ಬಂದ ರೈಲ್ವೆ ಕೆಲಸಗಾರರು, ಗಾಡಿ ಹೊಡೆಯುವವರು, ಎಲ್ಲರೂ ಒಂದೇ ಚಾಪೆಯ ಮೇಲೆ. ಕಲ್ಲಿನ ಶೇಟರೊಬ್ಬರು ಎದ್ದರು.

"ಬಿಟ್ಟಿ ಬಂದ್ ಮಾಡ್ರಿ, ನಾ ಬ್ಯಾಡನ್ನಲ್ಲ. ಆದ್ರ ನಾಳಿ ಅಧಿಕಾರಿಗೋಳ ಗಾಡಿ ಬಾಡಿಗಿ ಎಲ್ಲಿಂದ ತರ್ತೀರಿ? ಅದಕ್ಕೊಂದು ಹೊಸಾ ತೆರಿಗಿ ಪಟ್ಟಿ ನಮ್ಮ ದುಕಾನದ ಮ್ಯಾಲ ಹಾಕ್ತೀರಿ. ಅಂದ್ರ ಬಿಟ್ಟಿ ಹೋಗಿ ನಮ್ಮ ತಲಿ ಮ್ಯಾಲ ಕುಂತಂಗಾಯ್ತಲ್ರಿ!"

ವಾಡಿಯ ಇಂಜಿನ್ ಕೆಲಸಗಾರನೊಬ್ಬ ಕೂತಲ್ಲಿಂದಲೇ, "ಶೇಟ್ರ, ರೈಲಿಗೆ ಕಲ್ಲು ಹೇರಿದ್ರ ಬಾಡಿಗಿ ಕೊಡ್ತೀರಿಲ್ಲೋ? ರೈಲು ಕಲ್ಲಿದ್ದಲು ತಿಂತದ, ಎತ್ತು ಏನು ಗಾಳಿ ತಿಂತದೇನ್ರಿ?" ಎಂದ. ಸಭೆಯೆಲ್ಲ ಹೋ ಎಂದಿತು. ಶೇಟರೂ ನಕ್ಕರು, ಆದರೆ ಬಿಡಲಿಲ್ಲ. "ಪಟ್ಟಿ ಹಾಕ್ರಿ ಹಂಗಾದ್ರ. ಆದ್ರ ಹಾಕಿದ ಪಟ್ಟಿ ಎಲ್ಲಿ ಹೋಯ್ತು ಅಂತ ಕೇಳ್ಲಿಕ್ಕ ನಾವ್ ಆರಿಸಿದ ಮಂದಿ ಇರಬೇಕು" ಎಂದರು. ಇದನ್ನು ನಾನು ಉರ್ದುವಿಗೆ ತಿರುಗಿಸಿದೆ. ಹೈದರಾಬಾದಿನ ದೊಡ್ಡವರು ಪತ್ರಿಕೆಗಳಲ್ಲಿ ಉದ್ದುದ್ದ ಬರೆಯುತ್ತಿದ್ದದ್ದನ್ನು ಈ ಮನುಷ್ಯ ಶಹಾಬಾದಿನ ಚಾಪೆಯ ಮೇಲೆ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ಸದರ್ ಸಾಹೇಬರು ಪೆನ್ನು ಕೆಳಗಿಟ್ಟು, ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಅಲ್ಲಿಂದ ಚಿಂಚೋಳಿಯ ಕಡೆ. ಕರಿಗುಡ್ಡ ಇರುವುದು ಕಾಳಗಿಯ ದಿಕ್ಕಿಗೆ. ಜೋಳ ತೊಗರಿ ಬೆಳೆಯುವ ಕರಿ ಮಣ್ಣಿನ ಊರು, ಒಳ್ಳೆಯ ಎತ್ತುಗಳಿಗೆ ಹೆಸರಾದದ್ದು. ಒಳ್ಳೆಯ ಎತ್ತುಗಳಿದ್ದದ್ದೇ ಅವರಿಗೆ ಕಂಟಕವಾಗಿತ್ತು. ಆ ದಾರಿಯಲ್ಲಿ ಬಂದ ಪ್ರತಿ ಅಧಿಕಾರಿಯೂ ಕರಿಗುಡ್ಡದ ಗಾಡಿಗಳನ್ನೇ ಹಿಡಿಸುತ್ತಿದ್ದ. ಬಿಟ್ಟಿಯ ಹೊರೆ ಇಷ್ಟು ಬಿದ್ದ ಊರು ಇನ್ನೊಂದಿಲ್ಲ. ಇವರೇನು ಹೇಳುತ್ತಾರೋ ಅದರ ಮೇಲೆ ವರದಿ ವಾಲುತ್ತದೆ ಎಂದು ಸಮಿತಿಯವರೇ ಮಾತಾಡಿಕೊಂಡಿದ್ದರು.

ಚಾವಡಿಯ ಮುಂದೆ ಚಪ್ಪರ ಕಟ್ಟಿ, ಅದರ ನೆರಳಿನಲ್ಲಿ ಕುರ್ಚಿ ಹಾಕಿದ್ದರು. ಗಂಡಸರು ಮುಂದೆ ನಿಂತಿದ್ದರು, ಹೆಂಗಸರು ಗೋಡೆಯ ಬದಿಗೆ. ಸದರ್ ಸಾಹೇಬರು ಉರ್ದುವಿನಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಎಷ್ಟು ಗಾಡಿಗಳಿವೆ, ಯಾವ ಹಂಗಾಮಿನಲ್ಲಿ ಅಧಿಕಾರಿಗಳು ಹೆಚ್ಚು ಬರುತ್ತಾರೆ, ಹೀಗೆ. ಜನ ಅಳೆದು ತೂಗಿ ಉತ್ತರ ಕೊಟ್ಟರು. ಎಲ್ಲ ಸರಿಯಾಗಿ ನಡೆದಿತ್ತು. ಬಿಸಿಲು ಏರುತ್ತಿತ್ತು, ಸದರ್ ಸಾಹೇಬರಿಗೂ ಆಯಾಸವಾಗಿತ್ತು. ಕೊನೆಯ ಪ್ರಶ್ನೆ ಉಳಿದಿತ್ತು. ಬಿಟ್ಟಿಯಿಂದ ನಿಮಗೆ ಬಿಡುಗಡೆ ಬೇಕೇ ಎಂಬ ಪ್ರಶ್ನೆ. ಕಚೇರಿಯ ಉರ್ದುವಿನಲ್ಲಿ ಇಂಥ ಬಿಡುಗಡೆಗೆ 'ಮಾಫಿ' ಎನ್ನುತ್ತಾರೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಸದರ್ ಸಾಹೇಬರು ಕೈಯೆತ್ತಿ ನನ್ನನ್ನು ತಡೆದರು. "ಇದಕ್ಕೆ ದುಭಾಷಿ ಬೇಡ. ಈ ಮಾತು ಇವರ ಕನ್ನಡದಲ್ಲೂ ಇದೆ" ಎಂದು, ತಾವೇ ಜನರ ಕಡೆ ತಿರುಗಿ, ಕಲಿತಿದ್ದ ನಾಲ್ಕು ಕನ್ನಡ ಮಾತುಗಳನ್ನು ಜೋಡಿಸಿ ಗಟ್ಟಿಯಾಗಿ ಕೇಳಿದರು: "ನಿಮಗ ಮಾಫಿ ಬೇಕೇನ್ರಿ?"

ಜನರ ಮುಖಗಳೆಲ್ಲ ಒಮ್ಮೆಲೇ ಗಟ್ಟಿಯಾದವು. ಗೋಡೆಯ ಬದಿಯಿಂದ ಒಬ್ಬ ವಯಸ್ಸಾದ ಹೆಂಗಸು ಸೆರಗು ಎಳೆದುಕೊಂಡು ಮುಂದೆ ಬಂದರು. ಹೆಸರು ಶರಣಮ್ಮ.

"ಬ್ಯಾಡ್ರಿ! ಮಾಫಿ ನಮಗ ಬ್ಯಾಡ. ನಾವೇನು ತಪ್ಪು ಮಾಡೀವಿ?"

ಅವರ ಬೆನ್ನಿಗೇ ಇಡೀ ಊರು "ಬ್ಯಾಡ, ಬ್ಯಾಡ" ಎಂದು ಕೂಗಿತು. ಸಮಿತಿಯ ಗುಮಾಸ್ತರು ಬರೆದುಕೊಂಡರು: "ಕರಿಗುಡ್ಡದ ರೈತರಿಗೆ ಬಿಟ್ಟಿಯಿಂದ ಮಾಫಿ ಬೇಡ."

ಊರ ಮಾತಿನಲ್ಲಿ ಮಾಫಿ ಎಂದರೆ ಕ್ಷಮೆ. ಇವರು ಕ್ಷಮೆ ಕೇಳಲು ಒಲ್ಲೆವೆನ್ನುತ್ತಿದ್ದಾರೆ. "ಹುಜೂರ್, ಇವರು ಹೇಳುತ್ತಿರುವ ಮಾಫಿ ಬೇರೆ" ಎಂದೆ. ಸದರ್ ಸಾಹೇಬರು ನಕ್ಕರು. "ಮಾಫಿಯಲ್ಲಿ ಎರಡು ಜಾತಿಯೇ? ನಾನು ಕೇಳಿದ್ದು ಸ್ಪಷ್ಟವಾಗಿದೆ. 'ಬ್ಯಾಡ' ಎಂದರೆ ಏನೆಂದು ನನಗೂ ಗೊತ್ತು." ಸಮಿತಿಯ ಇನ್ನೊಬ್ಬರು, "ಬಹಳ ಒಳ್ಳೆಯದಾಯಿತು. ರೈತರೇ ಸಂತೋಷದಿಂದ ಗಾಡಿ ಕೊಡುತ್ತಿದ್ದಾರೆ ಎಂದು ಹೈದರಾಬಾದಿನಲ್ಲಿ ಹೇಳಬಹುದು" ಎಂದರು. ಹೇಳಿಕೆಯ ಕೆಳಗೆ ತಹಶೀಲ್ದಾರರ ದಸ್ತಖತ್ತು ಬೀಳಬೇಕಿತ್ತು. ಕಾಗದವನ್ನು ವಹೀದ್ ಸಾಹೇಬರ ಮುಂದೆ ಸರಿಸಿದರು.

"ಇದಕ್ಕೆ ನನ್ನ ದಸ್ತಖತ್ತು ಆಗುವುದಿಲ್ಲ ಹುಜೂರ್" ಎಂದರು ವಹೀದ್ ಸಾಹೇಬರು.

ಸದರ್ ಸಾಹೇಬರ ನಗು ಹೋಯಿತು. "ಯೋಚಿಸಿ ಮಾತಾಡಿ. ನಿಮ್ಮ ಬಗ್ಗೆ ನಾನು ಮೇಲಕ್ಕೆ ಬರೆಯಬೇಕಾಗುತ್ತದೆ."

"ಬರೆಯಿರಿ. ಅದಕ್ಕೆ ಮುಂಚೆ ಇನ್ನೊಂದು ಸಲ ಕೇಳಲು ಅಪ್ಪಣೆ ಕೊಡಿ."

ಅಪ್ಪಣೆಗೆ ಕಾಯಲೂ ಇಲ್ಲ. ಬೂಟು ಬಿಚ್ಚಿಟ್ಟು ಕುರ್ಚಿಯಿಂದ ಎದ್ದು ಹೋಗಿ ಜನರ ನಡುವೆ ನೆಲದ ಮೇಲೆ ಕೂತುಬಿಟ್ಟರು. ಬಿಳಿ ಪಾಯಜಾಮಾ ಕರಿ ಮಣ್ಣಿನಲ್ಲಿ. "ಅಮ್ಮಾರ, ಕುಂದ್ರಿ" ಎಂದರು. ಶರಣಮ್ಮ ಆಚೀಚೆ ನೋಡಿ ಕೂತರು. ಅವರು ಕೂತದ್ದು ನೋಡಿ ಊರೂ ಕೂತಿತು.

"ಮಾಫಿ ಬಿಡ್ರಿ. ಆ ಮಾತು ನನಗೂ ಬ್ಯಾಡ್ರಿ. ಗಾಡಿ ಹೇಳ್ರಿ. ಒಬ್ಬ ಸಾಹೇಬ ಬಂದಳು, ಗಾಡಿ ತಗೊಂಡಳು, ರೊಕ್ಕ ಕೊಡಲಿಲ್ಲ..."

'ಸಾಹೇಬ ಬಂದಳು' ಎಂದದ್ದಕ್ಕೆ ಹಿಂದೆ ಕೂತಿದ್ದ ಹೆಂಗಸರು ಕಿಸಕ್ಕೆಂದರು. ಗಂಡಸರೂ ನಕ್ಕರು. ಬಿಗಿ ಸಡಿಲಾಯಿತು. ಸಾಹೇಬರೂ ನಗುತ್ತಲೇ ಮುಂದುವರಿಸಿದರು: "ಹಿಂಗ ಆಗಬೇಕೇನ್ರಿ? ಆಗಬಾರದೇನ್ರಿ? ನಿಮ್ಮ ಮನಸಿನ್ಯಾಗಿಂದು ಹೇಳ್ರಿ."

ಶರಣಮ್ಮ ಹೇಳಿದರು. ಕೆಲವು ವರ್ಷ ಹಿಂದೆ ಬಿತ್ತಿಗೆಯ ದಿನಗಳಲ್ಲಿ ಒಬ್ಬ ಅಧಿಕಾರಿ ಬಂದು ಗಾಡಿ ಕೇಳಿದನಂತೆ. ಅವರ ಗಂಡ ಚನ್ನಬಸಪ್ಪ, ಬಿತ್ತಿಗೆ ಮುಗಿಯಲಿ, ಆಮೇಲೆ ಕೊಡುತ್ತೇವೆ ಎಂದರಂತೆ.

"ಅಷ್ಟಕ್ಕ ಊರ ಗಂಡಸರನ್ನ ಇದೇ ಚಾವಡಿ ಮುಂದ ಬಿಸಿಲಾಗ ನಿಲ್ಲಿಸಿದ. ಮಾಫಿ ಕೇಳ್ರಿ, ಮಾಫಿ ಕೇಳ್ರಿ ಅಂದ. ಒಬ್ಬೊಬ್ಬರ ಬಾಯಿಂದ ಹೇಳಿಸಿದ. ಎತ್ತು ನಮ್ಮವು, ಗಾಡಿ ನಮ್ಮವು, ಹೊಲಾ ನಮ್ಮದು, ಮಾಫಿ ನಾವು ಕೇಳಬೇಕೇನ್ರಿ? ನಮ್ಮವರು ಕೇಳಿದ್ರು, ಆದ್ರ ಆಮ್ಯಾಲ ಸಾಯೋತನಕ ಈ ಚಾವಡಿ ಮೆಟ್ಟಲಾ ಏರ್ಲಿಲ್ರಿ. ಗಾಡಿ ಬೇಕಂದ್ರ ಬಾಡಿಗಿ ಕೊಟ್ಟು ತಗೊಂಡು ಹೋಗ್ಲಿ. ಪುಕ್ಕಟ ಕೊಡಂಗಿಲ್ಲ. ಮಾಫಿನೂ ಕೇಳಂಗಿಲ್ಲ."

ವಹೀದ್ ಸಾಹೇಬರು ನನ್ನ ಕಡೆ ನೋಡಿ ಉರ್ದುವಿನಲ್ಲಿ ಹೇಳಿದರು: "ರಾಚಪ್ಪ, ಇದನ್ನು ಇದ್ದಂತೆಯೇ ಬರೆದುಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಉರ್ದು ಆಮೇಲೆ." ಸರ್ಕಾರಿ ಕಾಗದದ ಮೇಲೆ ನಾನು ಕನ್ನಡದಲ್ಲಿ ಬರೆದ ಮೊದಲ ಹೇಳಿಕೆ ಅದು. ಅಕ್ಷರ ಸೊಟ್ಟ ಸೊಟ್ಟ ಬಂದವು.

ಬರೆದದ್ದನ್ನು ಸದರ್ ಸಾಹೇಬರಿಗೆ ಒಂದು ಮಾತೂ ಬಿಡದೆ ಉರ್ದುವಿನಲ್ಲಿ ಓದಿ ಹೇಳಿದೆ. ಅವರು, "ಆ ದಿನ ಇವರನ್ನು ನಿಲ್ಲಿಸಿದ್ದು ಎಲ್ಲಿ?" ಎಂದು ಕೇಳಿದರು. ಶರಣಮ್ಮ ಕೈ ಮಾಡಿ ತೋರಿಸಿದರು. ಸದರ್ ಸಾಹೇಬರ ಕುರ್ಚಿ ಇದ್ದದ್ದು ಅಲ್ಲೇ. ಅವರು ಎದ್ದು, ತಾವೇ ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಗುಮಾಸ್ತರಿಗೆ ಮೊದಲಿನ ಸಾಲು ಹೊಡೆದುಹಾಕಲು ಹೇಳಿದರು. ಆಮೇಲೆ ವಹೀದ್ ಸಾಹೇಬರಿಗೆ, "ನಿಮ್ಮ ಕನ್ನಡ ಬಹಳ ಕೆಟ್ಟದ್ದು ಮಿಯಾ, ಜನ ನಗುತ್ತಾರೆ" ಎಂದರು. ಹೇಳುವಾಗ ದನಿ ಮೆತ್ತಗಿತ್ತು. ಬಿಗುಮಾನದವರಾದರೂ ದೊಡ್ಡ ಮನುಷ್ಯ ಎಂದು ನನಗೆ ಆಗ ಅನ್ನಿಸಿತು, ಈಗಲೂ ಹಾಗೇ ಅನ್ನುತ್ತೇನೆ.

ಬಾಡಿಗೆ ಕೊಡದೆ ಗಾಡಿ ಹಿಡಿಯಬಾರದು ಎಂಬ ಕಟ್ಟುನಿಟ್ಟಿನ ಹುಕುಮು ಸ್ವಲ್ಪ ಕಾಲದ ಮೇಲೆ ನಮ್ಮ ತಹಶೀಲಿಗೆ ಬಂತು. ಎಲ್ಲ ಊರುಗಳಲ್ಲೂ ಅದು ನಡೆಯಿತು ಎಂದರೆ ಸುಳ್ಳಾಗುತ್ತದೆ. ಕರಿಗುಡ್ಡದಲ್ಲಿ ನಡೆಯಿತು. ಅಲ್ಲಿಗೆ ಹೋದ ಅಧಿಕಾರಿಗಳಿಗೆ ಜನ ಚಾವಡಿಯಲ್ಲಿ ಕೂತೇ, "ಬಾಡಿಗಿ ಕೊಡ್ರಿ, ಗಾಡಿ ತಗೋರಿ" ಎನ್ನುತ್ತಿದ್ದರು. ವಹೀದ್ ಸಾಹೇಬರ ಬಗ್ಗೆ ಮೇಲಕ್ಕೆ ಯಾರು ಏನು ಬರೆದರೋ ತಿಳಿಯದು. ಅವರು ತಹಶೀಲ್ದಾರರಾಗಿಯೇ ಉಳಿದರು. ನಾನು ಒಮ್ಮೆ ಆ ಮಾತು ತೆಗೆದಾಗ, "ಮೇಲೆ ಹೋದರೆ ಕನ್ನಡ ಮರೆತುಹೋಗುತ್ತದೆ" ಎಂದು ನಕ್ಕು ಬಿಟ್ಟರು.

ತರುಣರಿಗೆ ನನ್ನದೊಂದು ಕಿವಿಮಾತು. ಗೊತ್ತಿಲ್ಲದ ಮಾತು ಬಂದರೆ ನೀವು ಯಾರನ್ನಾದರೂ ಕೇಳುತ್ತೀರಿ, ಆದ್ದರಿಂದ ಅಲ್ಲಿ ಅಪಾಯ ಕಡಿಮೆ. ಎರಡೂ ಕಡೆ ಗೊತ್ತಿರುವ ಮಾತು ಬಂದಾಗ ಹುಷಾರಾಗಿರಿ. ಈಗ ಕಚೇರಿಯೇ ಕನ್ನಡದಲ್ಲಿ ನಡೆಯುತ್ತದೆ, ದುಭಾಷಿ ಬೇಕಿಲ್ಲ ಎನ್ನುತ್ತೀರಿ. ಮೊನ್ನೆ ಒಂದು ಹಳ್ಳಿಯಲ್ಲಿ ನಿಮ್ಮವರೊಬ್ಬರು, "ನಿಮಗೆ ವಿನಾಯಿತಿ ದೊರೆಯುತ್ತದೆ" ಎಂದು ಓದಿದರು. ನನ್ನ ಪಕ್ಕ ಕೂತಿದ್ದವನು ಮೆಲ್ಲಗೆ, "ವಿನಾಯಿತಿ ಅಂದ್ರ ಯಾರ ಮಗಳ್ರಿ?" ಎಂದು ಕೇಳಿದ. ದುಭಾಷಿಯ ಕೆಲಸ ಎಲ್ಲಿ ಮುಗಿಯಿತು?

ಕೊನೆಯದಾಗಿ ನಲವತ್ತೆಂಟನೆಯ ಇಸವಿ. ವಹೀದ್ ಸಾಹೇಬರು ಆಗ ಚಿತ್ತಾಪುರದಲ್ಲಿದ್ದರು, ನಾನೂ ಅಲ್ಲೇ. ಆ ವರ್ಷ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ, ಆ ಜನ ಈ ಜನ ಎನ್ನದೆ, ದೀಪ ಆರಿತು. ಅದನ್ನು ಬರೆಯಲು ನನ್ನ ಕೈ ಬರುವುದಿಲ್ಲ. ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಆಡಳಿತ ಮುಗಿಯಿತು, ಅಧಿಕಾರ ಬಿಟ್ಟುಕೊಟ್ಟು ಹೈದರಾಬಾದಿಗೆ ಹೋಗಲು ಹೊಸ ಸರ್ಕಾರದವರು ಸಾಹೇಬರಿಗೆ ಹೇಳಿದರು. ಹೊರಡುವ ದಿನ ಬೆಳಿಗ್ಗೆ ಬಂಗಲೆಯ ಮುಂದೆ ಪೆಟ್ಟಿಗೆಗಳನ್ನು ಕಟ್ಟಿಟ್ಟಿದ್ದರು. ಸ್ಟೇಶನ್ನಿಗೆ ಒಯ್ಯಲು ಗಾಡಿ ಇರಲಿಲ್ಲ. ನಾನು ಪೇಟೆಯೆಲ್ಲ ತಿರುಗಿ ಬಂದೆ. ಹಳೆಯ ಸರ್ಕಾರದ ತಹಶೀಲ್ದಾರನ ಸಾಮಾನು ಹೇರಲು ಎಲ್ಲರಿಗೂ ಅಂಜಿಕೆ. ದುಪ್ಪಟ್ಟು ಬಾಡಿಗೆ ಎಂದರೂ ಯಾರೂ ಬರಲಿಲ್ಲ. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

ಆಗ ಕಾಳಗಿಯ ದಾರಿಯಿಂದ ಗೆಜ್ಜೆ ಸದ್ದು ಕೇಳಿಸಿತು. ಸಾಲಾಗಿ ಗಾಡಿಗಳು. ಎತ್ತುಗಳನ್ನು ನೋಡಿದೊಡನೆ ಗೊತ್ತಾಯಿತು, ಕರಿಗುಡ್ಡದವು. ಮೊದಲ ಗಾಡಿಯಲ್ಲಿ ಶರಣಮ್ಮ, ಬೆನ್ನು ಬಾಗಿತ್ತು. ಇಳಿದವರೇ, "ಸಾಮಾನು ಹೇರ್ರೋ" ಎಂದರು. ಸಾಹೇಬರು ಅವಸರದಿಂದ ಜೇಬಿಗೆ ಕೈ ಹಾಕಿದರು.

"ಬಾಡಿಗಿ ತಗೋರಿ ಅಮ್ಮಾರ."

"ಬಾಡಿಗಿ ಕೊಟ್ರ ಗಾಡಿ ತಿರುವಿ ಹೋಗ್ತೀವ್ರಿ."

"ಅಂದ್ರ ಇದು ಬಿಟ್ಟಿ ಆಗ್ತದ್ರಿ."

"ಬಿಟ್ಟಿ ಅಂದ್ರ ಕೇಳಿ ಕಸಗೊಳ್ಳೋದ್ರಿ ಸಾಹೇಬ್ರ. ನೀವೆಲ್ಲಿ ಕೇಳೀರಿ?"

ಸಾಹೇಬರು ಜೇಬಿನಿಂದ ಕೈ ತೆಗೆದರು. ಗಾಡಿಗಳು ಸ್ಟೇಶನ್ನಿಗೆ ಹೊರಟವು. ಪೇಟೆಯ ಮಂದಿ ಬಾಗಿಲಲ್ಲಿ ನಿಂತು ನೋಡಿದರು. ರೈಲು ಬಂತು, ಕರಿಗುಡ್ಡದ ಗಂಡಸರೇ ಪೆಟ್ಟಿಗೆಗಳನ್ನು ಒಳಗಿಟ್ಟರು.

ಅಗಲುವಾಗ ಹೇಳುವ ಮಾತೊಂದು ಉರ್ದುವಿನಲ್ಲಿದೆ, 'ಕಹಾ ಸುನಾ ಮಾಫ್' ಎಂದು. ಆಡಿದ್ದರಲ್ಲಿ ಕೇಳಿದ್ದರಲ್ಲಿ ಏನಾದರೂ ತಪ್ಪಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಅರ್ಥ. ಸಾಹೇಬರು ರೈಲಿನ ಬಾಗಿಲಲ್ಲಿ ನಿಂತು, ತಮಗೆ ಬರುತ್ತಿದ್ದ ಅರ್ಧ ಕನ್ನಡದಲ್ಲಿ ಅದನ್ನು ಹೇಳಿದರು:

"ಹೇಳಿದ್ದು, ಕೇಳಿದ್ದು, ಎಲ್ಲಾ ಮಾಫ್ ಮಾಡ್ರಿ."

ಆ ಮಾತು ಬಾಯಿಂದ ಬಿದ್ದೊಡನೆ ಎಲ್ಲಿ, ಯಾರ ಮುಂದೆ ಆಡಿದೆನೆಂದು ಅವರಿಗೇ ಹೊಳೆಯಿತು. ನಾಲಗೆ ಕಚ್ಚಿಕೊಂಡರು. ಶರಣಮ್ಮ ಒಂದು ಹೆಜ್ಜೆ ಮುಂದೆ ಬಂದು ಎರಡೂ ಕೈ ಜೋಡಿಸಿದರು.

"ಮಾಫಿ ಬ್ಯಾಡ್ರಿ ಸಾಹೇಬ್ರ. ನೀವೇನು ತಪ್ಪು ಮಾಡೀರಿ?"

ಸಾಹೇಬರ ಕಣ್ಣು ತುಂಬಿದವು. ರೈಲು ಅಲುಗಿತು. ಅವರು ಬಾಗಿಲ ಹಿಡಿ ಬಿಡದೆ ನನ್ನ ಕಡೆ ಬಗ್ಗಿ, "ರಾಚಪ್ಪ, ಇದನ್ನು ಇದ್ದಂತೆಯೇ ಬರೆದುಕೊಳ್ಳಿ" ಎಂದರು.

ಆಗ ನನ್ನ ಹತ್ತಿರ ಕಾಗದವಿರಲಿಲ್ಲ. ಈಗ ಬರೆದುಕೊಂಡಿದ್ದೇನೆ.